ಗ್ಲೇಸಿಯರ್‌ನಲ್ಲಿ 28 ಅಡಿ ಆರ್‌ವಿ: ಆ ರಸ್ತೆಗೆ ಬಿಡುವುದಿಲ್ಲ

ಅಪ್ಪ-ಅಮ್ಮ, ಮಕ್ಕಳನ್ನೆಲ್ಲ ಕೂರಿಸಿಕೊಂಡು 28 ಅಡಿಯ ಆರ್‌ವಿಯಲ್ಲಿ (ಮಲಗಲು, ಅಡುಗೆ ಮಾಡಲು ಜಾಗವಿರುವ ಮನೆಯಂಥ ಗಾಡಿ) ಅಮೆರಿಕದ ಮೊಂಟಾನಾದ ಗ್ಲೇಸಿಯರ್ ನ್ಯಾಷನಲ್ ಪಾರ್ಕಿನ ಗೋಯಿಂಗ್-ಟು-ದ-ಸನ್ ರಸ್ತೆ ದಾಟಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಆ ರಸ್ತೆಯಲ್ಲಿ ಅವಲಾಂಚ್ ಕ್ರೀಕ್ ಎಂಬಲ್ಲಿಂದ ರೈಸಿಂಗ್ ಸನ್ ಎಂಬಲ್ಲಿವರೆಗೆ 21 ಅಡಿಗಿಂತ ಉದ್ದದ ಅಥವಾ 8 ಅಡಿಗಿಂತ ಅಗಲದ ಗಾಡಿಗಳನ್ನು ಬಿಡುವುದಿಲ್ಲ. ಪಕ್ಕದ ಕನ್ನಡಿಗಳೂ ಅಗಲದ ಲೆಕ್ಕಕ್ಕೆ ಸೇರುತ್ತವೆ. 1933ರಲ್ಲಿ ತೆರೆದ ಇಕ್ಕಟ್ಟು ರಸ್ತೆ ಅದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ.

ಗಾಡಿಯನ್ನು ಕ್ಯಾಂಪಿನಲ್ಲೇ ಬಿಟ್ಟು ಪಾರ್ಕ್ ತೋರಿಸುವ ಕೆಂಪು ಬಸ್ ಹತ್ತಿ. 1930ರ ದಶಕದ ಬಸ್ಸುಗಳು. ಬಿಸಿಲಿದ್ದರೆ ಮೇಲಿನ ಕ್ಯಾನ್ವಾಸನ್ನು ಸುತ್ತಿ ತೆಗೆಯುತ್ತಾರೆ. ಡ್ರೈವ್ ಮಾಡುವವರಿಗೂ ಒಂದು ದಿನ ಕಿಟಕಿಯಾಚೆ ನೋಡುವ ಪುಣ್ಯ ಬೇಡ್ವಾ? ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ. ಆ ರಸ್ತೆಯ ತುತ್ತತುದಿಯ ಕಣಿವೆದಾರಿ ಲೋಗನ್ ಪಾಸ್ 6,646 ಅಡಿ ಎತ್ತರದಲ್ಲಿದೆ, ಜುಲೈನಲ್ಲೂ ಹಿರಿಯರಿಗೆ ಸ್ವೆಟರ್, ಟೋಪಿ ಇರಲಿ.

ಆರ್‌ವಿಯನ್ನೇ ಪಾರ್ಕಿನ ಪೂರ್ವದ ಸೇಂಟ್ ಮೇರಿ ಊರಿಗೆ ಒಯ್ಯಬೇಕಾದರೆ ಪಾರ್ಕಿನ ದಕ್ಷಿಣದ ಅಂಚಿನಲ್ಲಿ ಸಾಗುವ ಯುಎಸ್ 2 ಹೆದ್ದಾರಿ ಹಿಡಿಯಿರಿ. ಸುತ್ತು ಜಾಸ್ತಿ, ಆದರೆ ಆರಾಮ. ಈಸ್ಟ್ ಗ್ಲೇಸಿಯರ್ ಊರು ಮುಟ್ಟಿದ ಮೇಲೆ ಮ್ಯಾಪ್ 49ನೇ ಹೆದ್ದಾರಿ ತೋರಿಸಿದರೆ ಸುಮ್ನೆ ತಿರುಗಿಸಬೇಡಿ. ಅಲ್ಲಿನ ತಿರುವುಗಳು ದೊಡ್ಡ ಗಾಡಿಗಲ್ಲ. ಬ್ರೌನಿಂಗ್ ಊರಿಗೆ ಹೋಗಿ ಅಲ್ಲಿಂದ ಯುಎಸ್ 89 ಹಿಡಿಯಿರಿ.