ಅರ್ಧ ಆದ ವೆಬ್‌ಸೈಟ್ ಜನರಿಗೆ ತೋರಿಸಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಫೋರ್ಟ್‌ನ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಇಲ್ಲಿನ ಕನ್ನಡಿಗರ ಬದುಕಿನ ಬಗ್ಗೆ ಹತ್ತು ವರ್ಷದಿಂದ ಬರೆದಿಟ್ಟದ್ದು ಸುಮಾರು ಇದೆ. ಅದನ್ನೆಲ್ಲ ಹಾಕೋಣ ಅಂತ ಎಂಟು ತಿಂಗಳಿನಿಂದ ನಾನೇ ಕಲಿತು ಒಂದು ವೆಬ್‌ಸೈಟ್ ಮಾಡುತ್ತಿದ್ದೇನೆ. ಮೊದಲ ಪುಟ, ಬರಹದ ಪುಟ ಆಗಿವೆ. ಫೋಟೊ ಪುಟ, ಹುಡುಕುವ ವ್ಯವಸ್ಥೆ, ಡಾರ್ಕ್ ಮೋಡ್ (ಕಪ್ಪು ಹಿನ್ನೆಲೆಯ ರೂಪ) ಬಾಕಿ ಇವೆ. ಬಣ್ಣ ಮೂರು ಸಲ ಬದಲಿಸಿದೆ. ನನ್ನ ಹೆಂಡತಿ ‘ಇದ್ದ ಹಾಗೇ ಹಾಕಿಬಿಡಿ’ ಅನ್ನುತ್ತಾಳೆ. ಅರ್ಧಂಬರ್ಧ ಹಾಕಿದರೆ ಜನ ಏನಂದುಕೊಳ್ಳುತ್ತಾರೋ ಅಂತ ನನಗೆ ಅಂಜಿಕೆ. ಏನು ಮಾಡಲಿ?

ಉತ್ತರ: ನಿಮ್ಮ ಮನೆಯವರು ಹೇಳಿದ್ದೇ ಸರಿ. ಈ ಭಾನುವಾರವೇ ಹಾಕಿ. ಜನ ಬರುವುದು ನಿಮ್ಮ ಬರಹ ಓದಲು. ಬರಹ ಇದೆ, ಓದಲು ಪುಟ ಇದೆ, ಒಂದರಿಂದ ಇನ್ನೊಂದಕ್ಕೆ ಹೋಗಲು ದಾರಿ ಇದೆ, ಅಲ್ವಾ? 1991ರಲ್ಲಿ ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರು ಸರ್ನ್ ಅನ್ನುವ ವಿಜ್ಞಾನ ಪ್ರಯೋಗಾಲಯದಿಂದ ಹೊರಗಿನವರಿಗೆ ತೆರೆದ ಜಗತ್ತಿನ ಮೊದಲ ವೆಬ್‌ಸೈಟಿನಲ್ಲಿ ಇದ್ದದ್ದೂ ಬರಹ ಮತ್ತು ಲಿಂಕ್‌ಗಳೇ. ಚಿತ್ರ ಇರಲಿಲ್ಲ.

ಬೇಗ ಹಾಕಿ ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಕನ್ನಡದ ಪುಟ ಓದುವವರಿಗೆ ಹೇಗೆ ಕಾಣುತ್ತದೆ ಅನ್ನುವುದು ನಿಮ್ಮ ಲ್ಯಾಪ್‌ಟಾಪಿನ ಮುಂದೆ ಕೂತರೆ ಗೊತ್ತಾಗುವುದೇ ಇಲ್ಲ. ನಾವು ಕಲಿಯುವ ವಿನ್ಯಾಸದ ಪಾಠಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಮಾಡಿದವು. ಇಂಗ್ಲಿಷ್ ಶೀರ್ಷಿಕೆಗೆ ಲೈನ್-ಹೈಟ್ (ಸಾಲಿನ ಎತ್ತರ) ಅಕ್ಷರದ ಗಾತ್ರದ 1.1 ಪಟ್ಟು ಕೊಟ್ಟರೂ ನಡೆಯುತ್ತದೆ. ಅದೇ ಅಳತೆಯಲ್ಲಿ ‘ಮಹಾರಾಷ್ಟ್ರ’ ಅಂತ ಬರೆದು ಕೆಳಗೆ ಇನ್ನೊಂದು ಸಾಲು ಸೇರಿಸಿ ನೋಡಿ, ಷ ಅಕ್ಷರದ ಕೆಳಗಿನ ಒತ್ತುಗಳು ಇಳಿದು ಕೆಳಸಾಲಿನ ಗುಡಿಸಿಗೋ ತಲೆಕಟ್ಟಿಗೋ ತಾಗುತ್ತವೆ. ಬರಹಕ್ಕೆ 1.7, ಶೀರ್ಷಿಕೆಗೆ 1.4ರಿಂದ ಶುರು ಮಾಡಿ. ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಜಾಗ) ಮುಟ್ಟಬೇಡಿ, ಕನ್ನಡ ಪದ ಬಿಡಿಬಿಡಿಯಾಗಿ ಕಾಣುತ್ತದೆ. ಇಟಾಲಿಕ್ ಕೂಡ ಬೇಡ. ಕನ್ನಡ ಫಾಂಟ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಬಲವಂತವಾಗಿ ವಾಲಿಸಿ ತೋರಿಸುತ್ತದೆ. ನಮ್ಮ ಪದಗಳು ಉದ್ದ ಬೇರೆ. ‘ಹೊರಡಬೇಕಾಗಿದ್ದವರೆಲ್ಲರೂ’ ಅನ್ನುವ ಒಂದೇ ಪದ ದೊಡ್ಡ ಶೀರ್ಷಿಕೆಯಲ್ಲಿ ಬಂದರೆ 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಪರದೆ ದಾಟಿ ಹೋಗುತ್ತದೆ. ಇವೆಲ್ಲ ನಾಲ್ಕು ಜನರ ನಾಲ್ಕು ಥರದ ಫೋನಿನಲ್ಲಿ ತೆರೆದಾಗ ಮಾತ್ರ ಹೊರಗೆ ಬರುವ ವಿಷಯ. ಎಂಟು ತಿಂಗಳು ಒಳಗೇ ಇಟ್ಟುಕೊಂಡರೆ ಎಂಟು ತಿಂಗಳೂ ಗೊತ್ತಾಗುವುದಿಲ್ಲ.

ಫಾಂಟ್ ಯಾವುದು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೋಟೊ ಸಾನ್ಸ್ ಕನ್ನಡ ಸಾಕು. ಶೀರ್ಷಿಕೆಗೆ ಬೇರೆ ಬೇಕು ಅಂದರೆ ಅನೇಕ್ ಕನ್ನಡ ಅಥವಾ ಬಲೂ ತಮ್ಮ ನೋಡಿ, ಎರಡೂ ಉಚಿತ. ಎರಡನ್ನೂ ಮಾಡಿದ್ದು ನಮ್ಮ ಮುಂಬಯಿಯ ಏಕ್ ಟೈಪ್‌ನವರು, ಅದು ನನಗೆ ತುಂಬಾ ಖುಷಿಯ ವಿಷಯ.

ಹಾಕಿದ ಮೇಲೆ ಸೋಮವಾರ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ನಿಮ್ಮ ಫೋನಿನಲ್ಲೇ ತೆರೆದು ನೋಡಿ. ಮನೆಯ ವೈಫೈನಲ್ಲಿ ಎಲ್ಲವೂ ಚೆನ್ನಾಗಿಯೇ ಬರುತ್ತದೆ, ಆದರೆ ಗಾಡಿಯಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುವಾಗ ಫಾಂಟ್ ಇಳಿಯುವುದು (ಡೌನ್‌ಲೋಡ್ ಆಗುವುದು) ತಡವಾದರೆ ಕೆಲವು ಸೆಕೆಂಡು ಪುಟ ಖಾಲಿ ಕಾಣಬಹುದು, ಓದುವವರು ಏನೂ ಇಲ್ಲ ಅಂದುಕೊಂಡು ಮುಚ್ಚಿಬಿಡುತ್ತಾರೆ. ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಫಾಂಟ್-ಡಿಸ್‌ಪ್ಲೇಗೆ ‘ಸ್ವಾಪ್’ ಕೊಡಿ. ಆಗ ಫೋನಿನಲ್ಲಿರುವ ಕನ್ನಡ ಅಕ್ಷರದಲ್ಲೇ ಬರಹ ಮೊದಲು ಬಂದು, ನಿಮ್ಮ ಫಾಂಟ್ ಇಳಿದ ಮೇಲೆ ಬದಲಾಗುತ್ತದೆ. ಫೋಟೊಗಳನ್ನು ಕ್ಯಾಮೆರಾದಿಂದ ಬಂದ ಹಾಗೇ ಹಾಕಬೇಡಿ. ಒಂದೊಂದು ನಾಲ್ಕೈದು ಎಂಬಿ ಇರುತ್ತದೆ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಧಾರಾಳ.

ಆಗದೇ ಇರುವ ಪುಟಗಳ ಹೆಸರು ಮೆನುವಿನಲ್ಲಿ ಬೇಡ. ‘ಶೀಘ್ರದಲ್ಲೇ ಬರಲಿದೆ’ ಅಂತ ಬರೆಯಲೂ ಬೇಡಿ. ಒತ್ತಿದವರಿಗೆ ನಿರಾಸೆ ಆಗುತ್ತದೆ, ನಿಮಗೆ ಸುಮ್ನೆ ಒತ್ತಡ.

ಮೊದಲೇ ಸರಿ ಮಾಡಬೇಕಾದದ್ದು ಒಂದೇ ಒಂದು, ಪುಟಗಳ ವಿಳಾಸ. ಬಣ್ಣ ನಾಳೆ ಬದಲಿಸಬಹುದು. ವಿಳಾಸ ಬದಲಿಸಿದರೆ, ಯಾರೋ ಊರಿನ ಅಣ್ಣನಿಗೆ ವಾಟ್ಸಾಪಿನಲ್ಲಿ ಕಳಿಸಿದ ಲಿಂಕ್ ಸತ್ತುಹೋಗುತ್ತದೆ. ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೇ ಚಿಕ್ಕದಾಗಿ ಇಡಿ. ಕನ್ನಡದಲ್ಲಿ ಇಟ್ಟರೆ ನಕಲು ಮಾಡಿ ಅಂಟಿಸುವಾಗ ಎಷ್ಟೋ ಕಡೆ ಒಂದೊಂದು ಅಕ್ಷರಕ್ಕೂ, ಒಂದೊಂದು ಕೊಂಬು ಗುಡಿಸಿಗೂ ಒಂಬತ್ತು ಚಿಹ್ನೆಯಂತೆ ಶೇಕಡಾ ಗುರುತಿನ ದೊಡ್ಡ ಸಾಲು ಬರುತ್ತದೆ. ಜನ ಅದನ್ನು ನೋಡಿ ಹೆದರುತ್ತಾರೆ.

ಇನ್ನು ಜನ ಏನಂದುಕೊಳ್ಳುತ್ತಾರೆ ಅನ್ನುವ ಮಾತು. ನನ್ನ ಸೈಟಿನ ಮೊದಲ ರೂಪ ಹಾಕಿದಾಗ ಮುಲುಂಡ್‌ನ ನಮ್ಮ ಬಿಲ್ಡಿಂಗಿನ ಒಬ್ಬರು ಅಜ್ಜಿಗೆ ಫೋನ್ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತೆ. ಅವರು ಒಂದು ಬರಹ ಪೂರ್ತಿ ಓದಿದರು. ಓದಿ, ‘ಇಷ್ಟೇನಾ ಮಗಾ ಬರೆದಿರೋದು?’ ಅಂದರು. ಮೂಲೆಯಲ್ಲಿರುವ ಮೂರು ಗೆರೆ ಒತ್ತಿದರೆ ಮೆನು ತೆರೆಯುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಅವತ್ತು ರಾತ್ರಿಯೇ ಆ ಗೆರೆ ತೆಗೆದು ‘ಎಲ್ಲ ಬರಹಗಳು’ ಅಂತ ಅಕ್ಷರದಲ್ಲೇ ಬರೆದೆ, ಇವತ್ತಿಗೂ ಹಾಗೇ ಇದೆ. ನೀವೂ ಐದು ಜನರಿಗೆ ಹೀಗೆ ಕೊಡಿ. ‘ಹೇಗಿದೆ?’ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ‘ಎರಡನೇ ಬರಹ ಹುಡುಕಿ ಓದಿ’ ಅನ್ನಿ, ಬೆರಳು ಎಲ್ಲಿ ತಡೆಯುತ್ತದೆ ನೋಡಿ. ಮುಂದಿನ ತಿಂಗಳ ಕೆಲಸ ಅಲ್ಲೇ ಸಿಗುತ್ತದೆ. ಡಾರ್ಕ್ ಮೋಡ್ ಯಾರಾದರೂ ಕೇಳಿದಾಗ ಮಾಡಿ.

ಪ್ರಶ್ನೆ: ನಾನು ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ಹಳೆಯ ಬರಹಗಳೆಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ವೆಬ್‌ಸೈಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಕೊಂಡು ಬರುತ್ತದೆ ಅಕ್ಕ. ಮತ್ತೆ ಟೈಪ್ ಮಾಡಬೇಕಾ?

ಉತ್ತರ: ಬೇಡ ತಮ್ಮಾ. ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷೇ ಕಾಣುತ್ತದೆ. ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ, ಅದರಲ್ಲಿ ಹಾಕಿ. ಆದರೆ ಬದಲಿಸಿದ ಮೇಲೆ ಒಂದು ಸಲ ಕಣ್ಣಾಡಿಸಲೇಬೇಕು. ಅರ್ಕಾವತ್ತು ಮತ್ತು ಎರಡೆರಡು ಒತ್ತು ಇರುವ ಕಡೆ ತಪ್ಪು ಉಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಮುಗಿಸಲು ಹೋಗಬೇಡಿ, ನಿಮಗೆ ಇಷ್ಟವಾದ ಐದು ಬರಹ ಸರಿ ಮಾಡಿ ಅಷ್ಟರಲ್ಲೇ ಸೈಟ್ ಶುರು ಮಾಡಿ, ಉಳಿದದ್ದು ವಾರಕ್ಕೊಂದು ಸೇರಿಸುತ್ತಾ ಹೋಗಿ.

ಪ್ರಶ್ನೆ: ವಾಸ್ಕೊದಿಂದ. ಶುರುವಿಗೇ ಸ್ವಂತ ಡೊಮೇನ್ ಹೆಸರು (ಸೈಟಿನ ವಿಳಾಸ) ದುಡ್ಡು ಕೊಟ್ಟು ತಗೊಳ್ಳಬೇಕಾ?

ಉತ್ತರ: ಗಿಟ್‌ಹಬ್ ಪೇಜಸ್‌ನಂಥ ಕಡೆ ಸಣ್ಣ ಸೈಟನ್ನು ಉಚಿತವಾಗಿ ಇಡಬಹುದು, ಹೆಸರೂ ಅವರೇ ಕೊಡುತ್ತಾರೆ. ಆದರೂ ಕೈಲಾದರೆ ತಗೊಳ್ಳಿ ಅನ್ನುತ್ತೇನೆ. ಮುಂದೆ ಜಾಗ ಬದಲಿಸಿದರೂ ವಿಳಾಸ ಅದೇ ಉಳಿಯುತ್ತದೆ. ಕೊಳ್ಳುವಾಗ ಮೊದಲ ವರ್ಷದ ಬೆಲೆ ನೋಡಿ ಖುಷಿಪಡಬೇಡಿ, ಎರಡನೇ ವರ್ಷದಿಂದ ಎಷ್ಟು ಅಂತ ಕೇಳಿ. ಮತ್ತೆ, ಹೆಸರನ್ನು ನಿಮ್ಮದೇ ಇಮೇಲ್‌ನಲ್ಲಿ ನೋಂದಾಯಿಸಿ. ನನಗೆ ಸೈಟ್ ಮಾಡಿಕೊಟ್ಟವರು ತಮ್ಮ ಖಾತೆಯಲ್ಲಿ ನೋಂದಾಯಿಸಿ, ಆಮೇಲೆ ಫೋನಿಗೆ ಸಿಗದೇ ಹೋದರು. ನವೀಕರಣದ ದಿನ ದಾಟಿ ಆ ಹೆಸರು ಬೇರೆಯವರ ಪಾಲಾಯಿತು.