71ರ ಅವ್ವನಿಗೆ ಆಪರೇಷನ್ ಬೇಕಾ?

ನರಗುಂದ ತಾಲ್ಲೂಕಿನಿಂದ ಬಂದ ಪತ್ರ ಇದು, ಹೆಸರು ಹಾಕಬೇಡಿ ಎಂದಿದ್ದಾರೆ: "ನಮ್ಮ ಅವ್ವನಿಗೆ 71. ಮುಟ್ಟು ನಿಂತು 20 ವರ್ಷದ ಮೇಲಾಯಿತು. ದೀಪಾವಳಿ ಹೊತ್ತಿಗೆ ರಕ್ತ ಕಾಣಿಸಿತಂತೆ, ಉಷ್ಣ ಅಂತ ಸುಮ್ಮನಿದ್ದಳು. ಈಗ ಗರ್ಭಕೋಶದ ತುಣುಕು ತೆಗೆದು ನೋಡಿದರೆ ಕಾರ್ಸಿನೋಸಾರ್ಕೋಮಾ ಅನ್ನುವ ಕ್ಯಾನ್ಸರ್ ಅಂತ ಬಂದಿದೆ. ಸೋದರಮಾವ, ಈ ವಯಸ್ಸಿನಲ್ಲಿ ಕೊಯ್ಯಿಸಬೇಡಿ, ರೊಕ್ಕಕ್ಕಾಗಿ ಗರ್ಭಕೋಶ ತೆಗೀತಾರೆ ಅಂತಾನೆ. ಏನು ಮಾಡಬೇಕು?"

ತಂಗಿ, ಮೊದಲು ಒಂದು ಮಾತು. ಅವ್ವನಿಗೆ ಬೈಯಬೇಡಿ. ಲಕ್ಷ್ಮೇಶ್ವರದ ನನ್ನ ಸೋದರತ್ತೆ 8 ತಿಂಗಳು ಹಳೇ ಸೀರೆ ತುಂಡುಗಳನ್ನು ಎಲ್ಲರೂ ಏಳುವ ಮೊದಲೇ ತೊಳೆದು ದನದ ಕೊಟ್ಟಿಗೆ ಹಿಂದೆ ಒಣಗಿಸುತ್ತಿದ್ದಳು. ನಮಗೆ ಗೊತ್ತಾದಾಗಲೂ ಮೂಲವ್ಯಾಧಿ ಇರಬೇಕು ಅಂದುಕೊಂಡೆವು. ಆ ವಯಸ್ಸಿನವರು "ಮತ್ತೆ ಮುಟ್ಟಾದೆ" ಅಂತ ಮಗನ ಮುಂದೆ ಹೇಳೋದಾದರೂ ಹೇಗೆ?

ನಿಮ್ಮ ಸೋದರಮಾವನ ಅನುಮಾನವನ್ನೂ ನಾನು ತಳ್ಳಿಹಾಕುವುದಿಲ್ಲ. ಪಕ್ಕದ ಹಾವೇರಿ ಜಿಲ್ಲೆಯಲ್ಲಿ, ಬೇಡದಿದ್ದರೂ ಗರ್ಭಕೋಶ ತೆಗೆದರು ಅಂತ ಹೆಣ್ಣುಮಕ್ಕಳೇ ಬೀದಿಗಿಳಿದು ಪ್ರತಿಭಟಿಸಿದ್ದರು. ಬಿಳಿ ಸೆರಗು, ಸೊಂಟನೋವು ಅಂತ ದವಾಖಾನೆಗೆ ಹೋದವರು ಗರ್ಭಕೋಶ ಕಳೆದುಕೊಂಡು ಬಂದ ಕಥೆ ನಮ್ಮ ಕಡೆ ಊರಿಗೊಂದು ಸಿಗುತ್ತದೆ. ಆದರೆ ನಿಮ್ಮ ಕೈಯಲ್ಲಿ ಬಯಾಪ್ಸಿ, ಅಂದರೆ ತುಣುಕು ಪರೀಕ್ಷೆಯ ಚೀಟಿ ಇದೆ. ಅದರಲ್ಲಿ ರೋಗದ ಹೆಸರಿದೆ. ಆ ಕಥೆಗೂ ಇದಕ್ಕೂ ಅಷ್ಟು ಅಂತರ ಇದೆ.

ಹೆಸರಿನ ವಿಷಯಕ್ಕೆ ಬರುತ್ತೇನೆ. ನಾನು ಡಾಕ್ಟರ್ ಅಲ್ಲ, ಆದರೆ ಇಷ್ಟನ್ನು ಸರಿಯಾಗಿ ತಿಳಿದುಕೊಂಡೇ ಬರೆಯುತ್ತಿದ್ದೇನೆ. ಗರ್ಭಕೋಶದ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರುಗಳಲ್ಲಿ ಜಾಸ್ತಿ ಕಾಣುವುದು ಎಂಡೊಮೆಟ್ರಿಯಾಯ್ಡ್ ಎಂಬ ಜಾತಿ. ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತದೆ, ಬೇಗ ಸಿಕ್ಕರೆ ಆಪರೇಷನ್ನಿಗೇ ಮುಗಿಯುವುದೂ ಉಂಟು. ಅಪರೂಪದವು ಬೇರೆ: ಸೀರಸ್, ಕ್ಲಿಯರ್ ಸೆಲ್, ನಿಮ್ಮ ಅವ್ವನದಾದ ಕಾರ್ಸಿನೋಸಾರ್ಕೋಮಾ, ಇನ್ನು ಸ್ನಾಯುವಿನಲ್ಲಿ ಹುಟ್ಟುವ ಲಿಯೋಮಯೋಸಾರ್ಕೋಮಾ. ಸೀರಸ್ 100ರಲ್ಲಿ ಸುಮಾರು 10, ಆದರೆ ಸಾವಿನ ಲೆಕ್ಕದಲ್ಲಿ ಅದರ ಪಾಲು 40ರ ಹತ್ತಿರ. ಕಾರ್ಸಿನೋಸಾರ್ಕೋಮಾ 100ರಲ್ಲಿ 5 ಕೂಡ ಇಲ್ಲ, ಬರುವುದು ಹೆಚ್ಚಾಗಿ ವಯಸ್ಸಾದವರಿಗೆ. ಅದಕ್ಕೇ ಊರಲ್ಲಿ ಯಾರೂ ಕೇಳಿಲ್ಲ. ಹಿಂದೆ ಇದನ್ನು ಸಾರ್ಕೋಮಾ (ಸ್ನಾಯುವಿನಂಥ ಅಂಗಾಂಶದ ಕ್ಯಾನ್ಸರ್) ಗುಂಪಿಗೆ ಸೇರಿಸುತ್ತಿದ್ದರು. ಈಗ, ಕಾರ್ಸಿನೋಮಾವೇ (ಒಳಪದರದ ಕ್ಯಾನ್ಸರೇ) ಅರ್ಧ ವೇಷ ಬದಲಿಸಿದ್ದು ಅಂತ ತಿಳಿದಿದೆ, ಚಿಕಿತ್ಸೆಯೂ ಅದಕ್ಕೆ ತಕ್ಕಂತೆ ಬದಲಾಗಿದೆ. ಚುರುಕು ರೋಗ ಇದು. ದೀಪಾವಳಿಯಿಂದ ಈಚೆಗೆ ಹೋದ ದಿನ ಹೋದವು, ಇನ್ನು ಯುಗಾದಿ ಕಳೆಯಲಿ ಅನ್ನಬೇಡಿ.

ಈಗ ಮಾಡಬೇಕಾದ ಕೆಲಸ. ತುಣುಕು ಪರೀಕ್ಷೆ ಮಾಡಿದ ಲ್ಯಾಬಿಗೆ ಹೋಗಿ ಸ್ಲೈಡು ಮತ್ತು ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಎರಡನ್ನೂ ಕೇಳಿ. ಬರೀ ಚೀಟಿ ಸಾಲದು. ಅವು ನಿಮ್ಮ ಅವ್ವನದೇ ದೇಹದ ತುಣುಕು, ಕೇಳಲು ಸಂಕೋಚ ಯಾಕೆ? ಕ್ಯಾನ್ಸರ್ ಆಸ್ಪತ್ರೆಯಲ್ಲಿ ತುಣುಕು ಪರೀಕ್ಷಿಸುವ ಡಾಕ್ಟರ್ (ಪೆಥಾಲಜಿಸ್ಟ್) ಅದನ್ನು ಇನ್ನೊಮ್ಮೆ ನೋಡಲಿ. ಅಪರೂಪದ ಜಾತಿಯಾದ್ದರಿಂದ ಇದು ಮುಖ್ಯ, ಹೆಸರು ಬದಲಾದರೆ ಆಪರೇಷನ್ನೂ ಔಷಧಿಯೂ ಬದಲಾಗಬಹುದು. ಪಿ53, ಎಮ್‌ಎಮ್‌ಆರ್, ಹರ್2 ಎಂಬ ಪರೀಕ್ಷೆಗಳನ್ನೂ ಅದೇ ಬ್ಲಾಕಿನ ಮೇಲೆ ಮಾಡುತ್ತಾರೆ, ಮುಂದೆ ಯಾವ ಔಷಧಿ ಹತ್ತುತ್ತದೆ ಅನ್ನುವುದಕ್ಕೆ ಅವು ಬೇಕು. ಎದೆ, ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಹೇಗೂ ಆಗಬೇಕು. ನಿಮಗೆ ಹತ್ತಿರದ್ದು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ. ಬೆಂಗಳೂರಿನಲ್ಲಿ ಮಂದಿ ಇದ್ದರೆ ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ.

ಊರ ಹತ್ತಿರದ ನರ್ಸಿಂಗ್ ಹೋಮಿನಲ್ಲಿ "ಗರ್ಭಕೋಶ ತೆಗೆದುಬಿಡೋಣ, ಆಮೇಲೆ ನೋಡೋಣ" ಅಂದರೆ ಒಪ್ಪಬೇಡಿ. ನನ್ನ ಸೋದರತ್ತೆಗೆ ಆದದ್ದು ಅದೇ. ಬಯಾಪ್ಸಿ ಇಲ್ಲದೆ, ಗಡ್ಡೆ ಇದೆ ಅಂತ ಗರ್ಭಕೋಶ ತೆಗೆದರು, ರಿಪೋರ್ಟು ಆಮೇಲೆ ಬಂತು, ಆಗ ಮತ್ತೆ ಹೊಟ್ಟೆ ತೆರೆಯಬೇಕಾಯಿತು. 68ರ ಹೆಂಗಸಿಗೆ 2 ತಿಂಗಳಲ್ಲಿ 2 ಆಪರೇಷನ್! ಈ ರೋಗದಲ್ಲಿ ಗರ್ಭಕೋಶದ ಜೊತೆ ಅಂಡಾಶಯ, ನಾಳಗಳು ಹೋಗಬೇಕು, ಲಿಂಫ್ ಗಂಟುಗಳನ್ನೂ ಹೊಟ್ಟೆಯೊಳಗಿನ ಕೊಬ್ಬಿನ ಪದರವನ್ನೂ ನೋಡಬೇಕು. ಗರ್ಭಕೋಶವನ್ನು ಒಳಗೇ ಚೂರು ಮಾಡಿ ಸಣ್ಣ ತೂತಿನಿಂದ ತೆಗೆಯುವುದಂತೂ ಕೂಡದು, ರೋಗ ಹೊಟ್ಟೆ ತುಂಬ ಚೆಲ್ಲುತ್ತದೆ. ಕ್ಯಾನ್ಸರ್ ಸರ್ಜನ್ ಕೈಗೇ ಕೊಡಿ.

ಇನ್ನು ವಯಸ್ಸು. 71 ಅನ್ನುವ ಅಂಕಿಯೊಂದೇ ಏನನ್ನೂ ತೀರ್ಮಾನಿಸುವುದಿಲ್ಲ. ಅವ್ವ ತಾನೇ ಸ್ನಾನ ಮಾಡುತ್ತಾಳಾ, ಬಸ್ ಸ್ಟ್ಯಾಂಡಿನವರೆಗೆ ನಡೆಯುತ್ತಾಳಾ, ಸಕ್ಕರೆ ಎಷ್ಟಿದೆ, ಕಿಡ್ನಿ, ಹೃದಯ ಹೇಗಿದೆ, ಡಾಕ್ಟರು ತೂಗುವುದು ಇದನ್ನು. ಹೊಲಕ್ಕೆ ಬುತ್ತಿ ಒಯ್ಯುವ 75ರ ಮುದುಕಿ, ಹಾಸಿಗೆ ಹಿಡಿದ 60ರ ಹೆಂಗಸಿಗಿಂತ ಆಪರೇಷನ್ ಚೆನ್ನಾಗಿ ತಡೆಯುತ್ತಾಳೆ. ಆಮೇಲೆ ಸಾಮಾನ್ಯವಾಗಿ ಕಿಮೋ ಇರುತ್ತದೆ: ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್, 21 ದಿನಕ್ಕೊಮ್ಮೆ, 6 ಸಲದ ಲೆಕ್ಕ. ಕೂದಲು ಹೋಗುತ್ತದೆ, ಬರುತ್ತದೆ. ಕಾಲು ಜುಮ್ಮೆನ್ನುವುದು ಮಾತ್ರ ಕೆಲವರಿಗೆ ಉಳಿದುಬಿಡುತ್ತದೆ. ಆಗುತ್ತಿದ್ದರೆ ಹೇಳಲೇಬೇಕು, ಪ್ರಮಾಣ ಇಳಿಸುತ್ತಾರೆ. ಕೆಲವರಿಗೆ ಕರೆಂಟೂ (ವಿಕಿರಣ ಚಿಕಿತ್ಸೆ) ಕೊಡುತ್ತಾರೆ. ಇಷ್ಟೆಲ್ಲ ಮಾಡಿದರೂ ಈ ರೋಗ ಮತ್ತೆ ಬರುವುದುಂಟು, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ರೋಗ ಹರಡಿದ್ದರೆ, ಅಥವಾ ಅವ್ವನೇ ಬೇಡ ಅಂದರೆ, ರಕ್ತ ನಿಲ್ಲಿಸಲು ಒಂದಿಷ್ಟು ಕರೆಂಟು, ನೋವಿಗೆ ಸರಿಯಾದ ಔಷಧಿ, ಇದೂ ಚಿಕಿತ್ಸೆಯೇ. ಒಂದು ಕೇಳಲೇ? ಸೋದರಮಾವ ಏನೆಂದ ಅಂತ ಬರೆದಿದ್ದೀರಿ. ಅವ್ವ ಏನೆಂದಳು? ಪತ್ರದಲ್ಲಿ ಅದು ಎಲ್ಲೂ ಇಲ್ಲ.

ರೊಕ್ಕದ ಚಿಂತೆಗೆ: ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಅಡ್ಮಿಟ್ ಆಗುವ ಮೊದಲೇ, ಈ ಯೋಜನೆಗೆ ನೆರವಾಗುವ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಾಣಿ. ರೆಫರಲ್ ಚೀಟಿ ಬೇಕೆಂದರೆ ಗದಗದ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಬರೆಸಿಕೊಳ್ಳಿ.

ಉಳಿದ ಓದುಗರಿಗೆ: ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು. ಅಂಥ 10 ಮಂದಿಯಲ್ಲಿ ಸುಮಾರು 9 ಮಂದಿಗೆ ಕ್ಯಾನ್ಸರ್ ಇರುವುದಿಲ್ಲ, ಆದರೆ ಆ ಒಬ್ಬರು ಯಾರು ಅಂತ ಹೊರಗಿನಿಂದ ತಿಳಿಯದು. ಪ್ಯಾಪ್ ಟೆಸ್ಟ್ ಚೆನ್ನಾಗಿದೆ ಅಂತ ಸುಮ್ನೆ ಇರಬೇಡಿ, ಅದು ಗರ್ಭಕೋಶದ ಬಾಯಿಯ ಪರೀಕ್ಷೆ. ಸ್ಕ್ಯಾನಿನಲ್ಲಿ ಒಳಪದರ 4 ಮಿ.ಮೀ.ಗಿಂತ ತೆಳ್ಳಗಿದ್ದರೆ ಭಯ ಕಡಿಮೆ ನಿಜ, ಆದರೆ ಸೀರಸ್ ಜಾತಿ ತೆಳ್ಳಗಿನ ಪದರದಲ್ಲೂ ಅಡಗುತ್ತದೆ. ರಕ್ತ ಮತ್ತೆ ಬಂದರೆ ತುಣುಕು ಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳಿ. ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ಗುಳಿಗೆ ತೆಗೆದುಕೊಂಡವರು ಇನ್ನಷ್ಟು ಎಚ್ಚರ ಇರಬೇಕು. ಮುಟ್ಟು ನಿಂತ ಮೇಲೂ ಬೆಳೆಯುತ್ತಿರುವ ಫೈಬ್ರಾಯ್ಡನ್ನು (ಗರ್ಭಕೋಶದ ಗಡ್ಡೆಯನ್ನು) ಯಾರೂ ಹಗುರಾಗಿ ತೆಗೆದುಕೊಳ್ಳಬಾರದು.

ತಂಗಿ, ಸ್ಲೈಡು ಗಾಜಿನದು, ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಒಯ್ಯಿರಿ. ಹುಬ್ಬಳ್ಳಿಗೆ ಹೋಗುವಾಗ ಸೋದರಮಾವನನ್ನೂ ಕರೆದುಕೊಂಡು ಹೋಗಿ. ಅನುಮಾನ ಇದ್ದದ್ದನ್ನು ಡಾಕ್ಟರ ಮುಂದೆಯೇ ಕೇಳಲಿ.