ಮೂವರ ರಕ್ತದಲ್ಲೂ ಅದೇ ರೋಗಾಣುವೇ?

ಕುಮಟಾದ ಓದುಗರೊಬ್ಬರ ಪತ್ರ: "ಅಮ್ಮ ತೀರಿಕೊಂಡು ಎರಡು ತಿಂಗಳಾಯಿತು. ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಸೋಂಕು ಅಂದರು. ಅದೇ ಐಸಿಯುದಲ್ಲಿದ್ದ ಇನ್ನಿಬ್ಬರ ರಿಪೋರ್ಟಿನಲ್ಲೂ ಅದೇ ಹೆಸರು. ಒಬ್ಬರಿಂದೊಬ್ಬರಿಗೆ ಹರಡಿತೇ? ಜೀನೋಮ್ ಪರೀಕ್ಷೆ ಮಾಡಿದರೆ ತಿಳಿಯುತ್ತದೆಯೇ?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಮನಸ್ಸು ಭಾರವಾಯಿತು. ಆಸ್ಪತ್ರೆಯ ಹೆಸರನ್ನು ಅಚ್ಚು ಹಾಕಿಲ್ಲ. ಏಕೆಂದರೆ ರಿಪೋರ್ಟಿನಲ್ಲಿ ಒಂದೇ ಹೆಸರು ಬಂದ ಮಾತ್ರಕ್ಕೆ ಹರಡಿತು ಎನ್ನಲಾಗದು. ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಆರೋಗ್ಯವಂತರ ಕರುಳಿನಲ್ಲೂ ಇರುವಂಥದ್ದು. ಮೈ ಸೋತಾಗ ಅಲ್ಲಿಂದಲೇ ರಕ್ತಕ್ಕೆ ಇಳಿಯಬಹುದು. ಹೆಗಡೆ ಅನ್ನುವ ಮೂವರು ಸಿಕ್ಕರೆ ಶಿರಸಿಯಲ್ಲಿ ಯಾರೂ ಅವರನ್ನು ಒಂದೇ ಮನೆಯವರು ಅನ್ನುವುದಿಲ್ಲವಲ್ಲ.

ಮನೆ ಯಾವುದೆಂದು ಹೇಳುವುದು ಜೀನೋಮ್, ಅಂದರೆ ರೋಗಾಣುವಿನ ಇಡೀ ಡಿಎನ್‌ಎ ಬರಹ. ಹಿಂದೆ ಭಾಗವತರು ಯಕ್ಷಗಾನ ಪ್ರಸಂಗಗಳನ್ನು ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದರು. ಒಂದು ಪ್ರತಿಯಲ್ಲಿ ಅಕ್ಷರ ತಪ್ಪಿದರೆ, ಅದನ್ನು ನೋಡಿ ಬರೆದ ಪ್ರತಿಗಳಲ್ಲೂ ಅದೇ ತಪ್ಪು ಉಳಿಯುತ್ತಿತ್ತು. ಕ್ಲೆಬ್ಸಿಯೆಲ್ಲಾದ ಡಿಎನ್‌ಎ ಸುಮಾರು 55 ಲಕ್ಷ ಅಕ್ಷರಗಳ ಬರಹ. ಅದು ಇಬ್ಭಾಗವಾಗುವಾಗಲೆಲ್ಲ ಇಡೀ ಬರಹ ನಕಲಾಗುತ್ತದೆ, ಆಗೊಮ್ಮೆ ಈಗೊಮ್ಮೆ ಒಂದಕ್ಷರ ತಪ್ಪುತ್ತದೆ. ಮೂವರ ರೋಗಾಣುಗಳ ನಡುವೆ ಬೆರಳೆಣಿಕೆಯಷ್ಟೇ ವ್ಯತ್ಯಾಸವಿದ್ದರೆ ಮೂಲ ಒಂದೇ ಎಂಬ ಗುಮಾನಿ ಬಲವಾಗುತ್ತದೆ. ಸಾವಿರಾರು ವ್ಯತ್ಯಾಸವಿದ್ದರೆ ಒಂದಕ್ಕೊಂದು ಸಂಬಂಧವಿಲ್ಲ.

2011ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಯಲ್ಲೇ ಇದು ನಡೆಯಿತು. ಔಷಧಕ್ಕೆ ಬಗ್ಗದ ಕ್ಲೆಬ್ಸಿಯೆಲ್ಲಾ 18 ರೋಗಿಗಳಲ್ಲಿ ಕಂಡಿತು, ಅವರಲ್ಲಿ 11 ಮಂದಿ ತೀರಿಕೊಂಡರು. ಮೊದಲ ರೋಗಿ ಮನೆಗೆ ಹೋಗಿ ಮೂರು ವಾರವಾದ ಮೇಲೆ ಎರಡನೆಯವರಲ್ಲಿ ಅದು ಪತ್ತೆಯಾಗಿತ್ತು. ಇಬ್ಬರಿಗೂ ನಂಟಿದೆಯೆಂದು ನಂಬುವುದೇ ಕಷ್ಟ. ಜೀನೋಮ್ ಓದಿ ನೋಡಿದಾಗ ಎಲ್ಲವೂ ಆ ಮೊದಲ ರೋಗಿಯಿಂದಲೇ ಹೊರಟಿದ್ದವು. ತೊಳೆದಿಟ್ಟ ವೆಂಟಿಲೇಟರಿನಲ್ಲೂ, ಸಿಂಕಿನ ಕೊಳವೆಯಲ್ಲೂ ಆ ರೋಗಾಣು ಸಿಕ್ಕಿತು.

ನಮ್ಮ ಜಿಲ್ಲೆಗೆ ಈ ಪರೀಕ್ಷೆ ಇನ್ನೂ ಹೆಚ್ಚು ಬೇಕು ಅಂತ ನನಗನ್ನಿಸುತ್ತದೆ. ಕಾಯಿಲೆ ಜೋರಾದರೆ ಹೊನ್ನಾವರದವರು ಮಣಿಪಾಲಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೆ ಓಡುತ್ತಾರೆ. ಎರಡು ಮೂರು ಆಸ್ಪತ್ರೆ ದಾಟಿದ ರೋಗಿಗೆ ಸೋಂಕು ಎಲ್ಲಿ ತಗುಲಿತೆಂದು ಬರಿಯ ರಿಪೋರ್ಟು ಹೇಗೆ ಹೇಳೀತು?

ಆದರೆ ಒಂದು ಮಾತು. ಜೀನೋಮ್ ಓದಲು ಬ್ಲಡ್ ಕಲ್ಚರಿನಲ್ಲಿ, ಅಂದರೆ ರೋಗಿಯ ರಕ್ತವನ್ನು ಲ್ಯಾಬಿನಲ್ಲಿಟ್ಟು ಮಾಡುವ ಪರೀಕ್ಷೆಯಲ್ಲಿ, ಬೆಳೆದ ರೋಗಾಣು ಬೇಕು. ರಿಪೋರ್ಟು ಕೊಟ್ಟ ಮೇಲೆ ಲ್ಯಾಬಿನವರು ಅದನ್ನು ನಾಶಮಾಡಿದ್ದರೆ ಈಗ ಓದಲು ಏನೂ ಇಲ್ಲ. ಗ್ಲಿಸರಾಲಿನಲ್ಲಿ ಹಾಕಿ ಆಳಶೀತದ ಫ್ರೀಜರಿನಲ್ಲಿ ಇಟ್ಟಿದ್ದರೆ ವರ್ಷಗಳ ನಂತರವೂ ಸಾಧ್ಯ. ಅಷ್ಟಾದರೂ ಯಾರ ಕೈಯಿಂದ, ಯಾವ ಸಲಕರಣೆಯಿಂದ ದಾಟಿತೆಂಬುದನ್ನು ಅಕ್ಷರಗಳು ಹೇಳುವುದಿಲ್ಲ. ಯಾರು ಯಾವ ದಿನ ಯಾವ ಹಾಸಿಗೆಯಲ್ಲಿದ್ದರು ಎಂಬ ದಾಖಲೆಯನ್ನೂ ಜೊತೆಗಿಟ್ಟು ನೋಡಬೇಕು.

ಹಾಗಾಗಿ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಗೆ ಈ ವಾರವೇ ಒಂದು ಪತ್ರ ಬರೆಯಿರಿ. ಅಮ್ಮನ ಮಾದರಿ ಉಳಿದಿದೆಯೇ, ಉಳಿದಿದ್ದರೆ ಇನ್ನಿಬ್ಬರದರ ಜೊತೆ ಹೋಲಿಸಿ ನೋಡುತ್ತೀರಾ ಎಂದು ಕೇಳಿ. ದೂರು ಕೊಟ್ಟ ಹಾಗೆ ಬೇಡ, ಮಗನಾಗಿ ಕೇಳಿ. ಕರಡು ಬರೆಯಲು ಕಷ್ಟವಾದರೆ ನಮ್ಮ ಕಚೇರಿಗೆ ಬನ್ನಿ, ಕೂತು ಬರೆಯೋಣ.